ಇದ್ದ ಹಾಗೆ ಇರುವ ಪಾರ್ಟು

ಮಗಳು ಇವತ್ತೊಂದು ದಿನ ಸ್ವಲ್ಪ ಕೆಟ್ಟದಾಗಿ ಕಾಣಲಿ ಎಂದು ತಿಮ್ಮರಾಯಪ್ಪ ಬೆಳಗ್ಗೆ ದೇವರ ಮುಂದೆ ನಿಂತು ಬೇಡಿಕೊಂಡಿದ್ದ. ಬೇಡಿಕೊಂಡ ಮೇಲೆ ಅವನಿಗೇ ನಾಚಿಕೆಯಾಗಿ, ಕೇಳಿದ್ದನ್ನು ವಾಪಸು ಪಡೆಯೋಣವೆಂದು ಇನ್ನೊಂದು ಸಲ ಕೈಮುಗಿದ. ಆದರೆ ವಾಪಸು ಪಡೆಯಲು ಮನಸ್ಸು ಬರಲಿಲ್ಲ. ರಾಮಗಿರಿಯಲ್ಲಿ ಬಸ್ಸಿಗೆ ಕಾಯುವಾಗ ನೋಡಿದರೆ ಯಮುನಾ ಎಂದಿನಂತೆಯೇ ಇದ್ದಳು. ಇಸ್ತ್ರಿ ಮಾಡಿದ ತುಂಬುತೋಳಿನ ಚೂಡಿದಾರ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಹಣೆಯ ಗಾಯದ ಕಲೆಯ ಮೇಲೆ ತೆಳುವಾಗಿ ಪೌಡರು. ಪರಿಚಯದ ಹೆಂಗಸೊಬ್ಬಳು ಎದುರಾಗಿ ಅಪ್ಪ ಮಗಳು ಎಲ್ಲಿಗೆ ಹೊರಟಿರೆಂದು ಕೇಳಿದಾಗ ಯಮುನಾ ತಲೆಯೆತ್ತಿ, ಹೆಂಗಸಿನ ಎರಡು ಹುಬ್ಬುಗಳ ನಡುವೆ ಕಣ್ಣಿಟ್ಟು, ಮುಖದ ತುಂಬ ನಕ್ಕು, ಹೊಳಲ್ಕೆರೆಗೆ ಎಂದು ಹೇಳಿ, ತಿಂಡಿ ಆಯಿತೇ ಎಂದು ಮರಳಿ ಕೇಳಿದಳು. ಹುಬ್ಬುಗಳ ನಡುವೆ ನೋಡಿದರೆ ಎದುರಿನವರಿಗೆ ಕಣ್ಣಲ್ಲಿ ಕಣ್ಣಿಟ್ಟಂತೆಯೇ ಕಾಣುತ್ತದೆ ಎಂದು ಅವಳಿಗೆ ಹೇಳಿಕೊಟ್ಟವನು ತಿಮ್ಮರಾಯಪ್ಪನೇ. ಇಷ್ಟು ಚೆಂದವಾಗಿ ಮಾಡಿದರೆ ಯಾವ ಡಾಕ್ಟರು ತಾನೇ ನಂಬುತ್ತಾರೆ ಎಂದು ಅವನ ಎದೆ ಕುಸಿಯಿತು.

ಬಸ್ಸಿನಲ್ಲಿ ಜಾಗ ಸಿಕ್ಕಿ ಇಬ್ಬರೂ ಕೂತ ಮೇಲೆ ಅವನು ದನಿ ತಗ್ಗಿಸಿ ಹೇಳಿದ. ‘ಇವತ್ತು ನೀನು ಹೆಂಗಿದ್ದೀಯೋ ಹಂಗೇ ಇರು ಮಗಾ. ಏನೂ ಮಾಡಕ್ಕೆ ಹೋಗಬ್ಯಾಡ.’

‘ಹೆಂಗಿದ್ದೀನಪ್ಪ ನಾನು?’

‘ದೊಡ್ಡಪ್ಪನ ರೊಪ್ಪದಾಗೆ ಕುರಿ ಜೊತೆ ಕುಂತಿರ್ತೀಯಲ್ಲ, ಹಂಗೆ.’

ಯಮುನಾ ಕಿಟಕಿಯ ಕಂಬಿಯ ಮೇಲೆ ಬೆರಳು ಜಾರಿಸಿದಳು. ‘ಅಲ್ಲಿ ಯಾರೂ ನೋಡಲ್ಲವಲ್ಲ. ನೋಡೋರ ಮುಂದೆ ಇರೋ ಹಂಗೆ ಇರೋದು ನೀನು ಹೇಳ್ಕೊಟ್ಟಿಲ್ಲ. ಒಂದು ಸಲ ಮಾಡಿ ತೋರ್ಸು, ಕಲ್ತುಕಂತೀನಿ.’

ತಿಮ್ಮರಾಯಪ್ಪ ಯಾರಾದರೂ ಕೇಳಿಸಿಕೊಂಡರೇನೋ ಎಂದು ಸುತ್ತ ನೋಡಿದ. ಮಗಳು ಕುಹಕದಿಂದ ಹೇಳಿದ್ದಲ್ಲ. ಅವಳಿಗೆ ಕುಹಕ ಬರುವುದಿಲ್ಲ, ಅದೊಂದನ್ನು ಅವನೂ ಕಲಿಸಿರಲಿಲ್ಲ. ಉಳಿದೆಲ್ಲ ಪಾರ್ಟುಗಳ ಹಾಗೆ ಇದೂ ಒಂದು ಪಾರ್ಟು, ನಾಟಕದ ಮೇಷ್ಟ್ರಾದ ಅಪ್ಪ ಮಾಡಿ ತೋರಿಸಿದರೆ ಬಂದುಬಿಡುತ್ತದೆ ಎಂದು ಅವಳು ನಿಜವಾಗಿಯೂ ನಂಬಿ ಕೇಳುತ್ತಿದ್ದಳು. ಹೊಳಲ್ಕೆರೆಯಲ್ಲಿ ಇಳಿದ ಮೇಲೆ ಬಯಲು ಗಣಪತಿಗೆ ಕೈಮುಗಿದು ಹೋಗೋಣವೆಂದು ಕಾಲು ಆ ಕಡೆ ಎಳೆಯಿತಾದರೂ, ಇಂಥ ಬೇಡಿಕೆಯನ್ನು ಇಬ್ಬಿಬ್ಬರು ದೇವರ ಮುಂದೆ ಇಡುವುದು ಬೇಡವೆನಿಸಿ ನೇರವಾಗಿ ಶಿಬಿರಕ್ಕೇ ನಡೆದ.

ಅಂಗವಿಕಲರಿಗೆ ಪ್ರಮಾಣಪತ್ರ ಕೊಡುವ ಶಿಬಿರವನ್ನು ಒಂದು ಸಮುದಾಯ ಭವನದಲ್ಲಿ ಇಟ್ಟಿದ್ದರು. ಮದುವೆಗೆ ಹಾಕುವ ಕೆಂಪು ಕುರ್ಚಿಗಳು, ವೇದಿಕೆಯ ಹಿಂದೆ ಯಾರದೋ ಆರತಕ್ಷತೆಯ ಬಣ್ಣದ ಕಾಗದ ಇನ್ನೂ ಅಂಟಿಕೊಂಡಿತ್ತು. ತಿಮ್ಮರಾಯಪ್ಪನಿಗೆ ಒಳಗೆ ಕಾಲಿಟ್ಟ ಕೂಡಲೇ ನಾಟಕದ ದಿನ ಬಣ್ಣದ ಮನೆಗೆ ಬಂದ ಹಾಗಾಯಿತು. ಎಲ್ಲರೂ ತಮ್ಮ ತಮ್ಮ ಕೊರತೆಯನ್ನು ಸರಿಯಾಗಿ ಕಾಣುವಂತೆ ಸಿದ್ಧಮಾಡಿಕೊಳ್ಳುತ್ತಿದ್ದರು. ಒಬ್ಬ ಪಂಚೆಯನ್ನು ಸಣ್ಣಗಾದ ಕಾಲು ಕಾಣುವಷ್ಟು ಎತ್ತಿ ಕಟ್ಟುತ್ತಿದ್ದ. ಇನ್ನೊಬ್ಬ ಊರುಗೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೆಚ್ಚುಕಡಿಮೆ ನೆಟ್ಟಗೇ ನಡೆದುಬಂದು, ಬಾಗಿಲು ಸಮೀಪಿಸಿದಾಗ ಅದನ್ನು ನೆಲಕ್ಕೂರಿ ಕುಂಟತೊಡಗಿದ. ತಿಮ್ಮರಾಯಪ್ಪನಿಗೆ ನಗು ಬಂತು. ಮರುಗಳಿಗೆ ಅವನು ಕಾಟಲಿಂಗಪ್ಪ ಎಂದು ಗುರುತು ಸಿಕ್ಕಿ ನಗು ಹೋಯಿತು. ಪಕ್ಕದೂರಿನ ಕಾಟಲಿಂಗಪ್ಪ ಅವನ ಕೈಯಲ್ಲಿ ರಾಜನ ಪಾರ್ಟು ಕಲಿತವನು, ಪ್ರತಿ ಸಲ ನಾಟಕ ಆಡಿಸುವಾಗ ಮೇಷ್ಟ್ರನ್ನು ಮನೆಗೆ ಬಂದು ಕರೆಯುವವನು, ನಿಮ್ಮ ಮಗಳು ಬ್ಯಾಂಕಿನಲ್ಲಿದ್ದಾಳೆ, ನಿಮಗೇನು ಕಮ್ಮಿ ಎಂದು ಹತ್ತು ಜನರ ಮುಂದೆ ಹೇಳುವವನು. ಅವನು ಬೈಕಿನಿಂದ ಬಿದ್ದದ್ದು ತಿಮ್ಮರಾಯಪ್ಪನಿಗೆ ಗೊತ್ತಿತ್ತು. ಕಾಟಲಿಂಗಪ್ಪ ದೂರದಿಂದಲೇ ನಮಸ್ಕಾರ ಮಾಡಿ ಮೇಷ್ಟ್ರು ಇಲ್ಲಿ ಯಾಕೆ ಎಂದು ಕೇಳಿದ. ತನಗೆ ಮಂಡಿನೋವು, ಮಗಳು ಜೊತೆಗೆ ಬಂದಿದ್ದಾಳೆ ಎಂದುಬಿಟ್ಟ ತಿಮ್ಮರಾಯಪ್ಪ. ಹೇಳಿದ್ದಷ್ಟೇ ಅಲ್ಲದೆ ಕುರ್ಚಿಯಲ್ಲಿ ಕೂರುವಾಗ ಮಂಡಿಯನ್ನು ಒಂದು ಸಲ ಹಿಡಿದುಕೊಂಡ. ಯಮುನಾ ಅಪ್ಪನ ಮಂಡಿಯನ್ನೇ ನೋಡಿದಳು.

ಆ ಪ್ರಮಾಣಪತ್ರ ಬೇಕಾಗಿದ್ದುದು ಒಂದು ಕೋಣೆಗೋಸ್ಕರ. ಯಮುನಾ ಬಿ.ಕಾಂ. ಮುಗಿಸಿ ಒಂದು ಸಹಕಾರ ಬ್ಯಾಂಕಿನ ಕೌಂಟರಿನಲ್ಲಿ ಕೂತು ಕೆಲ ವರ್ಷಗಳಾಗಿದ್ದವು. ಎದುರಿಗೆ ಬಂದವರಿಗೆಲ್ಲ ನಗುತ್ತಾಳೆ, ಅಜ್ಜಿಯರ ಮೊಮ್ಮಕ್ಕಳನ್ನು ವಿಚಾರಿಸುತ್ತಾಳೆ, ತಪ್ಪಿಲ್ಲದೆ ಕೆಲಸ ಮಾಡುತ್ತಾಳೆ. ಸಂಜೆ ಬಸ್ಸಿಳಿದವಳು ಮನೆಯೊಳಗೆ ಬಾರದೆ ದೊಡ್ಡಪ್ಪನ ಕುರಿ ರೊಪ್ಪಕ್ಕೆ ಹೋಗಿ, ಅಲ್ಲಿದ್ದ ಹಳೆಯ ಕರಿಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡು, ಕತ್ತಲಾಗುವ ತನಕ ಹಿಂದಕ್ಕೂ ಮುಂದಕ್ಕೂ ತೂಗಾಡುತ್ತ ಕೂರುತ್ತಾಳೆ. ಮೊದಮೊದಲು ಅಷ್ಟೇ ಇತ್ತು. ಆಮೇಲೆ ಮೊಸರನ್ನ ಬಿಟ್ಟು ಬೇರೇನೂ ಗಂಟಲಲ್ಲಿ ಇಳಿಯದಾಯಿತು. ಭಾನುವಾರಗಳಲ್ಲಿ ಮಾತು ನಿಂತುಹೋಗತೊಡಗಿತು, ಬೇಕು ಬೇಡಗಳಿಗೆಲ್ಲ ತಾಯಿಯ ಸೆರಗನ್ನು ಹಿಡಿದೆಳೆಯುವುದು. ಮುಂಗೈಯನ್ನು ಕಚ್ಚಿಕೊಂಡ ಗುರುತುಗಳು ಬಂದವು, ತುಂಬುತೋಳಿನ ಚೂಡಿದಾರಗಳು ಬಂದವು. ಬೇಸಿಗೆಯಲ್ಲಿ ಒಂದು ದಿನ ಬ್ಯಾಂಕಿನ ಬಚ್ಚಲುಮನೆಗೆ ಹೋಗಿ ಗೋಡೆಗೆ ಹಣೆ ಚಚ್ಚಿಕೊಂಡು, ಮುಖ ತೊಳೆದು ಬಂದು ಮತ್ತೆ ಕೌಂಟರಿನಲ್ಲಿ ಕೂತಳು. ಎದುರಿಗಿದ್ದ ಮುದುಕ ಅವ್ವಾ ರಕ್ತ ಎಂದಾಗ, ಬಾಗಿಲು ತಗುಲಿತು ಅಜ್ಜ ಎಂದು ನಕ್ಕಳಂತೆ. ಆ ನಗುವನ್ನು ನೋಡಿ ತನಗೆ ರಕ್ತಕ್ಕಿಂತ ಹೆಚ್ಚು ಹೆದರಿಕೆಯಾಯಿತು ಎಂದು ಮ್ಯಾನೇಜರ್ ಶಿವಕುಮಾರಪ್ಪ ಫೋನಿನಲ್ಲಿ ಹೇಳಿದ್ದರು. ಒಳ್ಳೆಯ ಮನುಷ್ಯ. ಹಿಂದೆ ಹಳೆ ಕಡತಗಳ ಕೋಣೆಯಿದೆ, ಅಲ್ಲಿ ಒಬ್ಬಳೇ ಕೂತು ಕಂಪ್ಯೂಟರಿಗೆ ಏರಿಸುವ ಕೆಲಸ ಕೊಡಬಹುದು, ಆದರೆ ಕೌಂಟರಿನಿಂದ ಎಬ್ಬಿಸಲು ಮೇಲಿನವರಿಗೆ ಏನಾದರೂ ಆಧಾರ ತೋರಿಸಬೇಕು, ಮೆಡಿಕಲ್ ಬೋರ್ಡಿನ ಪ್ರಮಾಣಪತ್ರ ಒಂದು ತಂದುಬಿಡಿ ಮೇಷ್ಟ್ರೇ ಎಂದಿದ್ದರು. ತಂದರೆ ಆ ಕೋಣೆ, ಇಲ್ಲದಿದ್ದರೆ ಕೌಂಟರು. ಆ ಕೋಣೆಗೆ ಕಿಟಕಿ ಒಂದೇ ಇದೆ, ಅದೂ ಎತ್ತರದಲ್ಲಿದೆ ಎಂದು ಯಮುನಾ ಮನೆಯಲ್ಲಿ ಬಹಳ ಖುಷಿಯಿಂದ ಹೇಳಿದ್ದಳು.

ಅದಕ್ಕೂ ಮೊದಲು ದಾವಣಗೆರೆಯ ಡಾಕ್ಟರೊಬ್ಬರು ಅವಳನ್ನು ಬಹಳ ಹೊತ್ತು ಮಾತಾಡಿಸಿ, ಇದು ಆಟಿಸಂ, ಹುಟ್ಟಿನಿಂದ ಬಂದದ್ದು, ಕಾಯಿಲೆಯಲ್ಲ, ಆದರೆ ಹೈ ಫಂಕ್ಷನಿಂಗ್, ತನ್ನ ಕೆಲಸ ತಾನೇ ನಿಭಾಯಿಸಿಕೊಳ್ಳುವಷ್ಟು ಎಂದಿದ್ದರು. ತಿಮ್ಮರಾಯಪ್ಪನಿಗೆ ಉಳಿದ ಯಾವ ಮಾತೂ ನಿಲ್ಲಲಿಲ್ಲ, ಹೈ ಎನ್ನುವುದು ಮಾತ್ರ ನಿಂತಿತು. ಮಗಳು ಫಸ್ಟ್ ಕ್ಲಾಸಿನಲ್ಲಿ ಪಾಸಾದ ದಿನ ಆದಷ್ಟೇ ಹಗುರವಾಗಿ ಬಸ್‌ಸ್ಟ್ಯಾಂಡಿಗೆ ನಡೆದು, ಅಲ್ಲಿಂದಲೇ ಹೆಂಡತಿ ಉಚ್ಚಂಗಮ್ಮನಿಗೆ ಫೋನು ಮಾಡಿ, ಏನೂ ಯೋಚನೆಯಿಲ್ಲ, ನಮ್ಮದು ಹೈ ಅಂತೆ ಎಂದ. ಉಚ್ಚಂಗಮ್ಮ ಆ ಕಡೆಯಿಂದ ಕೇಳಿದ್ದು ಒಂದೇ ಮಾತು. ಹೈ ಆದರೆ ಕಚ್ಚಿಕೊಂಡ ಕೈ ನೋಯುವುದಿಲ್ಲವಾ ಎಂದು. ಅವಳಿಗೆ ಯಾವಾಗಲೂ ಹೀಗೆ ಅಡ್ಡಮಾತು ಎಂದು ಅವನು ಫೋನಿಟ್ಟಿದ್ದ.

ಮಗಳಿಗೆ ಈ ನಗುವ, ಮಾತಾಡುವ ಪಾರ್ಟನ್ನು ಕಲಿಸಲು ಶುರುಮಾಡಿದ್ದು ತುರುವನೂರಿನಲ್ಲಿ ನಡೆದ ಒಂದು ಸಾವಿನ ಮರುದಿನ. ತಿಮ್ಮರಾಯಪ್ಪ ನಾಟಕದ ಮೇಷ್ಟ್ರು. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿ, ಅಣ್ಣ ಕುರಿಯ ಹಿಂದೆ ಹೋದರೆ ಇವನು ಹಾರ್ಮೋನಿಯಂ ಪೆಟ್ಟಿಗೆ ಹೊತ್ತು ಊರೂರು ತಿರುಗಿದ. ಹಗಲೆಲ್ಲ ಹೊಲದಲ್ಲಿ ಬಗ್ಗಿದ ಗಂಡಸರನ್ನು ಸಂಜೆ ಶಾಲೆಯ ಅಂಗಳದಲ್ಲಿ ನಿಲ್ಲಿಸಿ ರಾಜ, ಮಂತ್ರಿ, ಸೇನಾಪತಿ ಮಾಡುವುದು ಅವನ ಕಸುಬು. ನಾಚುವವನಿಗೆ ಗರ್ಜನೆ ಕಲಿಸಿದ್ದಾನೆ, ತೊದಲುವವನ ಬಾಯಲ್ಲಿ ಪುಟಗಟ್ಟಲೆ ಮಾತಾಡಿಸಿದ್ದಾನೆ. ಅಂಥ ಮೇಷ್ಟ್ರ ಮಗಳು ಇನ್ನೂ ಫ್ರಾಕು ಹಾಕುವ ವಯಸ್ಸಿನಲ್ಲಿ, ಉಚ್ಚಂಗಮ್ಮನ ತವರಿನ ಹಿರಿಯರೊಬ್ಬರ ಹೆಣದ ಮುಂದೆ ಹೆಂಗಸರೆಲ್ಲ ಬಾಯಿ ಬಡಿದುಕೊಂಡು ಅಳುತ್ತಿರುವಾಗ, ಎರಡೂ ಕೈಗಳನ್ನು ಕಿವಿಯ ಪಕ್ಕದಲ್ಲಿ ಪಟಪಟನೆ ಆಡಿಸುತ್ತ, ಹೆಂಚಿನ ಸಂದಿಯಿಂದ ಇಳಿದ ಬಿಸಿಲುಕೋಲಿನಲ್ಲಿ ತೇಲುವ ಧೂಳು ನೋಡಿ ಗಟ್ಟಿಯಾಗಿ ನಕ್ಕಿದ್ದಳು. ಅಳು ಒಂದು ಕ್ಷಣ ನಿಂತಿತು. ಯಾರೋ ಒಬ್ಬಳು, ಊರಿಗೆಲ್ಲ ಪಾರ್ಟು ಕಲಿಸುವವನಿಗೆ ಮಗಳಿಗೊಂದು ಅಳು ಕಲಿಸಲು ಆಗಲಿಲ್ಲವೇ ಎಂದಳು. ಸಾವಿನ ಮನೆಯೆಂದು ಜನ ನಗಲಿಲ್ಲ, ಆದರೆ ನಗು ತಡೆದುಕೊಂಡ ಅಷ್ಟೂ ಮುಖಗಳು ತಿಮ್ಮರಾಯಪ್ಪನಿಗೆ ಈಗಲೂ ಒಂದೊಂದಾಗಿ ಕಾಣುತ್ತವೆ.

ಮರುದಿನ ಬೆಳಗ್ಗೆ ಅವನು ಪೆಟ್ಟಿಗೆ ಇಳಿಸಿ ಮಗಳನ್ನು ಕನ್ನಡಿಯ ಮುಂದೆ ಕೂರಿಸಿದ. ಇದು ಸಾವಿನ ಮನೆಯ ಮುಖ. ಇದು ನೆಂಟರು ಬಂದಾಗಿನ ಮುಖ. ಇದು ಯಾರಾದರೂ ತಮಾಷೆ ಹೇಳಿದಾಗ, ತಿಳಿಯದಿದ್ದರೂ ಇಷ್ಟು ನಗಬೇಕು, ಇಷ್ಟಕ್ಕೆ ನಿಲ್ಲಿಸಬೇಕು. ಕೈಗಳು ಎದ್ದರೆ ಒಂದನ್ನೊಂದು ಹಿಡಿದುಕೊಂಡು ಮಡಿಲಲ್ಲಿಡಬೇಕು. ನಾಟಕದಲ್ಲಿ ಪಾರ್ಟುದಾರ ಮಾತು ಮರೆತು ನಿಂತರೆ ಮೇಷ್ಟ್ರು ಉಂಗುರದ ಬೆರಳಿನಿಂದ ಪೆಟ್ಟಿಗೆಯ ಮರದ ಅಂಚನ್ನು ಎರಡು ಸಲ ಕುಟ್ಟುತ್ತಾನೆ. ಜನರ ಗಮನಕ್ಕೆ ಬರುವುದಿಲ್ಲ, ಪಾರ್ಟುದಾರನಿಗೆ ಸಾಕಾಗುತ್ತದೆ. ಅದೇ ಸನ್ನೆಯನ್ನು ಮಗಳಿಗೂ ಇಟ್ಟ. ಎರಡು ಸಲ ಕುಟ್ಟಿದರೆ ತಲೆ ಎತ್ತು, ನಗು, ಮಾತಾಡು. ಮದುವೆಮನೆಯ ಊಟದೆಲೆಯ ಪಕ್ಕ, ಶಾಲೆಯ ಹೆಡ್‌ಮಾಸ್ತರರ ಮೇಜಿನ ಮೇಲೆ, ಬಸ್ಸಿನ ಸೀಟಿನ ಕಂಬಿಗೆ ಅವನು ಕುಟ್ಟಿದ, ಅವಳು ತಲೆ ಎತ್ತಿದಳು. ಎಷ್ಟು ಬೇಗ ಕಲಿತಳು. ಅಷ್ಟು ಬೇಗ ಕಲಿತ ಪಾರ್ಟುದಾರ ಯಾವ ಊರಲ್ಲೂ ಸಿಕ್ಕಿರಲಿಲ್ಲ, ಅವನ ಜೀವಮಾನದ ಅತ್ಯುತ್ತಮ ಕೆಲಸ ಅದು, ಹೊರಗೆ ಹೇಳಿಕೊಳ್ಳುವಂತಿರಲಿಲ್ಲ ಅಷ್ಟೇ. ನಾಟಕ ಮುಗಿದ ಬೆಳಗ್ಗೆ ಎಷ್ಟೇ ನಿದ್ದೆಗಣ್ಣಾಗಿದ್ದರೂ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ತೆಗೆಯದೆ ಮಲಗಬೇಡಿ, ಚರ್ಮ ಸುಟ್ಟುಹೋಗುತ್ತದೆ ಎಂದು ಅವನು ಪ್ರತಿ ಊರಲ್ಲೂ ಬೈದು ಹೇಳುತ್ತಿದ್ದ. ಎಣ್ಣೆಯ ಡಬ್ಬ ಹಿಡಿದು ತಾನೇ ನಿಲ್ಲುತ್ತಿದ್ದ. ಮಗಳಿಗೆ ಮಾತ್ರ ಅದನ್ನು ಹೇಳಿರಲಿಲ್ಲ. ಹೇಳುವುದು ಮರೆತದ್ದಲ್ಲ, ಆ ಮುಖ ಹಾಗೆಯೇ ಅಂಟಿ ನಿಲ್ಲಲಿ ಎಂದೇ ಅವನ ಆಸೆಯಿತ್ತು.

ಸಮುದಾಯ ಭವನದ ಕುರ್ಚಿಯ ಮೇಲೆ ಕೂತು ಅವನು ಇದನ್ನೆಲ್ಲ ಯೋಚಿಸುತ್ತಿರುವಾಗ ಪಕ್ಕದ ಸಾಲಿಗೆ ಒಬ್ಬ ಹೆಂಗಸು, ಅವಳ ಕೈ ಹಿಡಿದ ಗಡ್ಡ ಬಂದ ಗಂಡಸು ಬಂದು ಕೂತರು. ಹೆಂಗಸು ಯಶೋದಾ, ಹೊಸದುರ್ಗದ ಕಡೆಯವಳು, ಅಂಗನವಾಡಿಯಲ್ಲಿ ಕೆಲಸ. ಗಂಡಸು ಅವಳ ತಮ್ಮ ಸಣ್ಣಪ್ಪ. ಅವನು ಯಾವತ್ತೂ ಮಾತಾಡಿದವನಲ್ಲವಂತೆ. ಕೂತ ಕೂಡಲೇ ಬೆರಳುಗಳನ್ನು ಕಣ್ಣಿನ ಮುಂದೆ ಅಗಲಿಸಿ, ಕಿಟಕಿಯ ಬೆಳಕಿಗೆ ಅಡ್ಡಹಿಡಿದು ಆಡಿಸತೊಡಗಿದ, ಗಂಟಲಿನಿಂದ ಸಣ್ಣಗೆ ಒಂದೇ ಸಮ ಗುಂಯ್‌ಗುಡುವ ದನಿ. ಸುತ್ತಲಿನವರು ಕುರ್ಚಿ ಸರಿಸಿಕೊಂಡರು. ಹಿಂದೆ ಕೂತಿದ್ದ ಒಬ್ಬಾಕೆ ಸಣ್ಣಪ್ಪನನ್ನು ನೋಡಿ ಪಾಪ ಎಂದಳು, ಯಮುನಾಳನ್ನು ನೋಡಿ ಈ ಹುಡುಗಿಗೆ ಏನಾಗಿದೆ, ಗಟ್ಟಿಮುಟ್ಟಾಗಿದ್ದಾಳಲ್ಲ ಎಂದಳು.

ಯಶೋದಾ ಹಳೆಯ ಪ್ರಮಾಣಪತ್ರದ ಅವಧಿ ಮುಗಿದಿದ್ದರಿಂದ ಹೊಸದಕ್ಕೆ ಬಂದಿದ್ದಳು. ನಿಮ್ಮವನಿಗೆ ಕೂಡಲೇ ಸಿಗುತ್ತದೆ ಬಿಡಮ್ಮ ಎಂದು ತಿಮ್ಮರಾಯಪ್ಪ ಹೇಳಿದ, ಹೇಳುವಾಗ ದನಿಯಲ್ಲಿ ಸ್ವಲ್ಪ ಹೊಟ್ಟೆಕಿಚ್ಚಿತ್ತು. ಯಶೋದಾ ತಮ್ಮನ ಅಂಗಿಯ ಕಾಲರು ಸರಿಮಾಡಿದಳು.

‘ಸಿಗ್ತೈತಣ್ಣ. ಲೋ ಫಂಕ್ಷನಿಂಗ್ ಅಂತ ಬರೀತಾರೆ. ಬರೆದಾಗ್ಲಿಂದ ಯಾರೂ ಅವನನ್ನ ಒಂದು ಮಾತು ಕೇಳಲ್ಲ. ಸಣ್ಣಪ್ಪಂಗೆ ನೀರು ಬೇಕಾ ಅಂತ ನನ್ನ ಕೇಳ್ತಾರೆ. ಅವನಿಗೆ ಎಲ್ಲ ಗೊತ್ತಾಗ್ತೈತೆ. ಈಗ ಆ ಯಮ್ಮ ಪಾಪ ಅಂದ್ಲಲ್ಲ, ಅದೂ ಗೊತ್ತಾಗಿರ್ತೈತೆ.’

ತಿಮ್ಮರಾಯಪ್ಪ ಮಗಳ ಕಡೆ ತಿರುಗಿದ. ಯಮುನಾ ತನ್ನ ಕುರ್ಚಿಯಲ್ಲಿ ಇರಲಿಲ್ಲ. ಎದ್ದು ಹೋಗಿ ಸಣ್ಣಪ್ಪನ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಅವನು ಬೆರಳು ಆಡಿಸುತ್ತಿದ್ದ, ಸ್ವಲ್ಪ ಹೊತ್ತಿನ ಮೇಲೆ ಅವಳ ಬೆರಳುಗಳೂ ಮಡಿಲಿನಿಂದ ಎದ್ದವು. ಅವನ ಗುಂಯ್‌ದನಿಗೆ ಅವಳ ಗಂಟಲಿನಿಂದಲೂ ಅದೇ ಶ್ರುತಿಯಲ್ಲಿ ಒಂದು ದನಿ ಸೇರಿತು, ಹಾರ್ಮೋನಿಯಂ ಮೇಷ್ಟ್ರ ಕಿವಿಗೆ ಒಂದಿಷ್ಟೂ ಅಪಸ್ವರ ಸಿಗದ ಹಾಗೆ. ಯಮುನಾಳ ಮುಖದಲ್ಲಿ ಆಗ ನಗು ಇರಲಿಲ್ಲ. ಬಾಯಿ ಸ್ವಲ್ಪ ತೆರೆದುಕೊಂಡು, ಕೆನ್ನೆ ಸಡಿಲವಾಗಿ, ಕಣ್ಣು ಬೆಳಕಿನಲ್ಲಿ ನಟ್ಟು, ಆ ಮುಖ ಅವನು ಕಲಿಸಿದ ಯಾವ ಮುಖವೂ ಆಗಿರಲಿಲ್ಲ. ಎಷ್ಟೋ ವರ್ಷಗಳ ನಂತರ ಅವನು ತನ್ನ ಮಗಳನ್ನು ನೋಡುತ್ತಿದ್ದ. ಇದನ್ನೇ ಅಲ್ಲವೇ ಬೆಳಗ್ಗೆ ಬೇಡಿಕೊಂಡದ್ದು, ಇದರಲ್ಲಿ ಕೆಟ್ಟದ್ದೇನು ಕಾಣಿಸುತ್ತಿದೆ ಎಂದು ಅವನಿಗೆ ಅನ್ನಿಸಿತು. ಅಷ್ಟರಲ್ಲಿ ಯಮುನಾಳ ಹೆಸರು ಕೂಗಿದರು.

ವೇದಿಕೆಯ ಪಕ್ಕದ ಕೋಣೆಯಲ್ಲಿ ಮರದ ಮೇಜು, ಅದರ ಹಿಂದೆ ಒಬ್ಬ ಡಾಕ್ಟರಮ್ಮ. ಅವರಿಗೂ ಬೆಳಗಿನಿಂದ ಕೂತು ಸುಸ್ತಾಗಿತ್ತು, ಆದರೆ ಮಾತು ಮೃದುವಾಗಿತ್ತು. ತಿಮ್ಮರಾಯಪ್ಪನನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿ, ನೀವು ಏನೂ ಹೇಳಬೇಡಿ, ನಾನು ಅವರನ್ನೇ ಮಾತಾಡಿಸುತ್ತೇನೆ ಎಂದರು. ಹೆಸರೇನಮ್ಮ ಎಂದು ಕೇಳಿದರು. ಯಮುನಾ ಇನ್ನೂ ಸಣ್ಣಪ್ಪನ ಪಕ್ಕದಲ್ಲೇ ಕೂತಂತಿದ್ದಳು. ಬೆರಳುಗಳು ಆಡುತ್ತಿದ್ದವು, ಗಂಟಲಿನ ದನಿ ಸಣ್ಣಗೆ ನಡೆದೇ ಇತ್ತು, ಕಣ್ಣು ಮೇಜಿನ ಮೇಲೆ ಸುತ್ತುವ ಫ್ಯಾನಿನ ನೆರಳಿನಲ್ಲಿತ್ತು. ಡಾಕ್ಟರಮ್ಮ ಇನ್ನೊಮ್ಮೆ ಕೇಳಿದರು. ಉತ್ತರವಿಲ್ಲ. ಅವರು ಪೆನ್ನು ಕೆಳಗಿಟ್ಟು, ಮುಂದಕ್ಕೆ ಬಾಗಿ, ಆತುರವಿಲ್ಲದೆ ಯಮುನಾಳನ್ನು ನೋಡತೊಡಗಿದರು. ನೋಡುತ್ತಿದ್ದಾರೆ, ಕೊನೆಗೂ ಒಬ್ಬರು ನೋಡುತ್ತಿದ್ದಾರೆ ಎಂದುಕೊಂಡ ತಿಮ್ಮರಾಯಪ್ಪ. ಇನ್ನು ಸ್ವಲ್ಪ ಹೊತ್ತು ಹೀಗೇ ಇರು ಮಗಾ, ಆ ಕೋಣೆ ನಿನ್ನದು.

ಬಾಗಿಲ ಪರದೆ ಸರಿಯಿತು. ಮುಂದಿನ ಸರದಿ ಕಾಟಲಿಂಗಪ್ಪನದು. ಊರುಗೋಲಿನ ಮೇಲೆ ಭಾರ ಹಾಕಿ ಅವನು ಹೊಸ್ತಿಲಲ್ಲೇ ನಿಂತ. ಡಾಕ್ಟರಮ್ಮನ ಎದುರಿಗೆ ಕೂತವರು ಮೇಷ್ಟ್ರಲ್ಲ, ಮೇಷ್ಟ್ರ ಮಗಳು. ಬೆರಳು ಆಡಿಸುತ್ತ, ಬಾಯಿ ತೆರೆದು, ದನಿ ಮಾಡುತ್ತ. ಕಾಟಲಿಂಗಪ್ಪನ ಮುಖದಲ್ಲಿ ಮೊದಲು ಅಚ್ಚರಿ, ಆಮೇಲೆ ಎಲ್ಲ ಅರ್ಥವಾದವನ ಮರುಕ. ಅಯ್ಯೋ ಮೇಷ್ಟ್ರೇ ಎಂದು ಅವನು ಬಾಯಲ್ಲಿ ಹೇಳಲಿಲ್ಲ. ಹೇಳದೆ ತಲೆ ತಗ್ಗಿಸಿದ. ತಿಮ್ಮರಾಯಪ್ಪನ ಕಣ್ಣ ಮುಂದೆ ತುರುವನೂರಿನ ಆ ಸಾವಿನ ಮನೆ ಹಾಗೇ ಎದ್ದುಬಂತು, ತಡೆದುಕೊಂಡ ನಗುಗಳ ಸಮೇತ. ಆಮೇಲೆ ಎಷ್ಟು ಯೋಚಿಸಿದರೂ ತಾನು ಮಾಡಿದೆನೋ ಕೈಯೇ ಮಾಡಿತೋ ಎಂದು ಅವನಿಗೆ ಹೇಳಲಾಗಲಿಲ್ಲ. ಉಂಗುರದ ಬೆರಳು ಮೇಜಿನ ಅಂಚನ್ನು ಎರಡು ಸಲ ಕುಟ್ಟಿತ್ತು.

ಯಮುನಾಳ ದನಿ ನಿಂತಿತು. ಅವಳು ಅಪ್ಪನ ಮುಖವನ್ನು ಒಂದು ಕ್ಷಣ ನೋಡಿದಳು. ಬೆರಳುಗಳು ಒಂದನ್ನೊಂದು ಹಿಡಿದುಕೊಂಡು ಮಡಿಲಿಗೆ ಇಳಿದವು. ಬೆನ್ನು ನೆಟ್ಟಗಾಯಿತು, ತಲೆ ಎದ್ದಿತು, ಕಣ್ಣು ಡಾಕ್ಟರಮ್ಮನ ಎರಡು ಹುಬ್ಬುಗಳ ನಡುವೆ ಹೋಗಿ ನಿಂತಿತು.

‘ನಮಸ್ಕಾರ ಮೇಡಂ. ನನ್ನ ಹೆಸರು ಯಮುನಾ. ಸಾರಿ ಮೇಡಂ, ಬಸ್ಸಿನಲ್ಲಿ ಬಂದು ಸ್ವಲ್ಪ ಸುಸ್ತಾಗಿತ್ತು. ನಿಮ್ಮದು ಊಟ ಆಯ್ತಾ ಮೇಡಂ?’

ಡಾಕ್ಟರಮ್ಮ ಹಿಂದಕ್ಕೆ ಒರಗಿ ನಕ್ಕರು, ನಿರಾಳವಾದವರಂತೆ. ಆಮೇಲೆ ಅವರು ಕೇಳಿದ್ದಕ್ಕೆಲ್ಲ ಯಮುನಾ ಉತ್ತರ ಕೊಟ್ಟಳು. ಸ್ನೇಹಿತರಿದ್ದಾರಾ ಎಂದರೆ ಇದ್ದಾರೆ, ಕೆಲಸ ಕಷ್ಟವಾ ಎಂದರೆ ಅಭ್ಯಾಸವಾಗಿದೆ, ಗದ್ದಲ ಆಗುವುದಿಲ್ಲವಾ ಎಂದರೆ ಹೊಂದಿಕೊಂಡಿದ್ದೇನೆ. ಒಂದೊಂದು ಉತ್ತರವೂ ಒಂದೊಂದು ಕಾಲದಲ್ಲಿ ಕನ್ನಡಿಯ ಮುಂದೆ ಹಾರ್ಮೋನಿಯಂ ಶ್ರುತಿ ಹಿಡಿದು ಕಲಿಸಿದ್ದು. ತಿಮ್ಮರಾಯಪ್ಪ ನಡುವೆ ಬಾಯಿಹಾಕಿ, ಇಲ್ಲ ಮೇಡಂ, ಅವಳು ಕೈ ಕಚ್ಚಿಕೊಳ್ಳುತ್ತಾಳೆ, ತೋಳು ಎತ್ತಿ ನೋಡಿ ಎಂದ. ಅವನ ದನಿ ತಾಲೀಮಿನಲ್ಲಿ ಮಾತು ಮರೆತ ಪಾರ್ಟುದಾರನ ದನಿಯಂತೆ ಅವನಿಗೇ ಕೇಳಿಸಿತು. ಡಾಕ್ಟರಮ್ಮ ತೋಳು ನೋಡಿದರು, ಬೇಸರಪಟ್ಟರು, ಬರೆದುಕೊಂಡರು. ದಾವಣಗೆರೆಯವರು ಹೈ ಫಂಕ್ಷನಿಂಗ್ ಎಂದು ಮೊದಲೇ ಬರೆದಿದ್ದಾರೆ, ತಾನೂ ಮೈಲ್ಡ್ ಎಂದೇ ಬರೆಯಬೇಕಾಗುತ್ತದೆ, ಪ್ರಮಾಣಪತ್ರಕ್ಕೆ ಬೇಕಾದಷ್ಟು ಅಂಗವಿಕಲತೆಯ ಪರ್ಸೆಂಟು ಇವರಿಗೆ ಬರುವುದಿಲ್ಲ, ಮನಸ್ಸಿಗೆ ಒತ್ತಡವಾದರೆ ಮಾತ್ರೆ ಕೊಡಬಹುದು ಎಂದರು. ಅಪ್ಪ ಮಗಳು ಏಳುವಾಗ ತಿಮ್ಮರಾಯಪ್ಪನ ಕಡೆ ತಿರುಗಿ ಮೆಚ್ಚುಗೆಯಿಂದ ಹೇಳಿದರು.

‘ಇಷ್ಟು ಚೆನ್ನಾಗಿ ಬೆಳೆಸಿದ್ದೀರಲ್ಲ ಯಜಮಾನ್ರೇ. ಗೊತ್ತೇ ಆಗಲ್ಲ.’

ಹೊರಗೆ ಬಿಸಿಲು ಜೋರಾಗಿತ್ತು. ಭವನದ ಕಾಂಪೌಂಡಿನ ಬೇವಿನ ಮರದ ಕೆಳಗೆ ಬಂದು ತಿಮ್ಮರಾಯಪ್ಪ ಕೂತುಬಿಟ್ಟ. ಕಾಟಲಿಂಗಪ್ಪನ ಎದುರು ಮಾನ ಉಳಿಯಿತು, ಮಗಳ ಕೋಣೆ ಹೋಯಿತು. ಅಳಬೇಕೆಂದರೆ ಅಳು ಬರುತ್ತಿರಲಿಲ್ಲ. ಯಮುನಾ ಪಕ್ಕದಲ್ಲಿ ನಿಂತಿದ್ದಳು, ಮುಖದ ಮೇಲೆ ಅದೇ ನಗು. ಹೋಗುವ ಬರುವ ಅಪರಿಚಿತರಿಗೆಲ್ಲ ತಲೆಯಾಡಿಸಿ ನಗುತ್ತಿದ್ದಳು, ನಿಲ್ಲಿಸಲು ಅವಳಿಗೆ ಆಗುತ್ತಿರಲಿಲ್ಲ. ಸಾಕು ಬಿಡವ್ವ, ಯಾರೂ ಇಲ್ಲ ಎಂದು ಅವನು ಎರಡು ಮೂರು ಸಲ ಹೇಳಿದ ಮೇಲೆ ಅವಳು ಕೂತಳು.

‘ನಿಂದೇನೂ ತಪ್ಪಿಲ್ಲ ಮಗಾ,’ ಎಂದ. ‘ನಾನು ಸನ್ನೆ ಮಾಡ್ದೆ, ನಿಂಗೆ ಅಭ್ಯಾಸ, ನೀನು ತಲೆ ಎತ್ತಿದೆ.’

‘ಅಭ್ಯಾಸಕ್ಕೆ ಎತ್ತಲಿಲ್ಲಪ್ಪ.’ ಯಮುನಾ ನೆಲದಲ್ಲಿ ಬಿದ್ದ ಬೇವಿನ ಕಡ್ಡಿಗಳನ್ನು ಒಂದರ ಪಕ್ಕ ಒಂದು ಜೋಡಿಸತೊಡಗಿದಳು. ‘ನೀನು ಬೆಳಿಗ್ಗೆ ಇರೋ ಹಂಗೆ ಇರು ಅಂದಿದ್ದೆ. ಇದ್ದೆ. ಆಮೇಲೆ ಕುಟ್ಟಿದೆ. ಎರಡ್ರಾಗೆ ಯಾವುದು ಮಾಡ್ಲಿ ಅಂತ ಗೊತ್ತಾಗದೆ ನಿನ್ನ ಮುಖ ನೋಡ್ದೆ. ತುರುವನೂರಿನಾಗೆ ಅಜ್ಜ ಸತ್ತಾಗ ಇದ್ದ ಮುಖನೇ ಇತ್ತು. ನಿಂಗೆ ಬಾಳ ನಾಚ್ಕೆ ಆಗೈತೆ ಅಂತ ಗೊತ್ತಾತು. ಅದಕ್ಕೆ ಎತ್ತಿದೆ.’

ಇಂಥವರಿಗೆ ಬೇರೆಯವರ ಮನಸ್ಸು ತಿಳಿಯುವುದಿಲ್ಲ ಎಂದು ದಾವಣಗೆರೆಯಲ್ಲಿ ಯಾರೋ ಹೇಳಿದ್ದನ್ನು ತಿಮ್ಮರಾಯಪ್ಪ ನಂಬಿದ್ದ. ಅವನ ಒಂದು ಗಳಿಗೆಯ ನಾಚಿಕೆಯನ್ನು ಮುಚ್ಚಲು ಅವಳು ಆ ಕೋಣೆಯನ್ನು, ಎತ್ತರದ ಒಂಟಿ ಕಿಟಕಿಯ ಸಮೇತ, ಬಿಟ್ಟುಕೊಟ್ಟಿದ್ದಳು. ಅದನ್ನು ಕಡ್ಡಿ ಜೋಡಿಸುವಷ್ಟೇ ಸಹಜವಾಗಿ ಹೇಳುತ್ತಿದ್ದಳು. ಅವನು ತಟ್ಟನೆ ಎದ್ದ. ಏಳು, ಒಳಗೆ ಹೋಗಾಣ, ಡಾಕ್ಟರಮ್ಮನ ಕಾಲು ಹಿಡಿದು ನಡೆದದ್ದೆಲ್ಲ ಹೇಳುತ್ತೇನೆ, ಎಲ್ಲರ ಮುಂದೆ ಹೇಳುತ್ತೇನೆ ಎಂದ. ಯಮುನಾ ಅವನ ಪಂಚೆಯ ಚುಂಗನ್ನು ಹಿಡಿದುಕೊಂಡಳು. ಭಾನುವಾರಗಳಂದು ತಾಯಿಯ ಸೆರಗು ಹಿಡಿದು ಎಳೆಯುವಂತೆಯೇ ಎಳೆದಳು.

‘ಬ್ಯಾಡಪ್ಪ. ಇವತ್ತು ಇನ್ನೊಂದು ಸಲ ಯಾವುದೂ ಆಗಲ್ಲ ನನ್ನ ಕೈಲಿ. ಮನೆಗೆ ಹೋಗಾಣ.’

ವಾಪಸು ಬರುವ ಬಸ್ಸಿನಲ್ಲಿ ಸಂತೆ ಮುಗಿಸಿದ ಜನ, ಕೋಳಿ, ಸೊಪ್ಪಿನ ಗಂಟು, ಯಾರದೋ ಮೊಬೈಲಿನ ಹಾಡು. ಯಮುನಾ ಕಿಟಕಿಗೆ ಹಣೆ ಆನಿಸಿ ಕಣ್ಣು ಮುಚ್ಚಿದ್ದಳು. ನಿದ್ದೆ ಬಂತೇನೋ ಎಂದು ತಿಮ್ಮರಾಯಪ್ಪ ಚೂಡಿದಾರದ ತೋಳು ಸರಿದು ಕಾಣುತ್ತಿದ್ದ ಅವಳ ಕೈಯ ಗುರುತುಗಳನ್ನು ನೋಡುತ್ತ ಕೂತಿದ್ದ. ಕೆಲಸ ಬಿಡಿಸಿಬಿಡಲೇ ಎಂದು ಯೋಚಿಸಿದ. ಬಿಡಿಸಿದರೆ ಮನೆ ನಡೆಯುವುದು ಅವಳ ಸಂಬಳದಲ್ಲಿ ಎನ್ನುವುದು ನೆನಪಾಯಿತು. ಈಗ ಊರುಗಳಲ್ಲಿ ನಾಟಕ ಆಡುವವರು ಕಡಿಮೆ, ಕಾಟಲಿಂಗಪ್ಪನಂಥವರು ಕರೆದರೆ ಉಂಟು. ಅವಳಿಗೂ ಮನೆಯಲ್ಲಿ ಸುಮ್ಮನೆ ಕೂರುವ ಆಸೆಯಿರಲಿಲ್ಲ, ಲೆಕ್ಕದ ಕೆಲಸವೆಂದರೆ ಅವಳಿಗೆ ಪ್ರಾಣ. ಆ ಕೋಣೆಯೊಂದು ಸಿಕ್ಕಿದ್ದರೆ ಸಾಕಿತ್ತು. ಉಚ್ಚಂಗಮ್ಮನಿಗೆ ಏನೆಂದು ಹೇಳುವುದು. ಡಾಕ್ಟರು ಕೊಡಲಿಲ್ಲ ಎನ್ನುತ್ತಾನೆ, ಮಗಳು ತಾಯಿಯ ಮುಂದೆ ಸುಳ್ಳು ಹೇಳದವಳು, ಇಲ್ಲಮ್ಮ ಅಪ್ಪ ಕುಟ್ಟಿದ ಎನ್ನುತ್ತಾಳೆ. ಎನ್ನಲಿ.

‘ಅಪ್ಪ,’ ಎಂದಳು ಯಮುನಾ, ಕಣ್ಣು ತೆರೆಯದೆ. ‘ಸೋಮವಾರಕ್ಕೆ ಹೊಸದೊಂದು ಬೇಕು.’

‘ಏನು ಮಗಾ?’

‘ಕೌಂಟರ್‌ನಾಗೆ ನಗೋದು. ಹಳೇದು ಸವದೋಗೈತೆ. ಸಾಯಂಕಾಲಕ್ಕೆ ಬರೋರಿಗೆ ಗೊತ್ತಾಗ್ತೈತೆ, ಯಾಕವ್ವ ಹುಷಾರಿಲ್ವಾ ಅಂತಾರೆ. ಕೆನ್ನೆ ಬಾಳ ನೋಯ್ತೈತೆ ಅದರಾಗೆ. ಸ್ವಲ್ಪ ಕಮ್ಮಿ ನೋಯೋದು ಯಾವುದಾದ್ರೂ ಇದ್ರೆ ಹೇಳ್ಕೊಡು.’

ತಿಮ್ಮರಾಯಪ್ಪ ಮುಂದಿನ ಸೀಟಿನ ಬೆನ್ನನ್ನು ನೋಡಿದ. ಇನ್ನು ಮೇಲೆ ಏನೂ ಕಲಿಸುವುದಿಲ್ಲ, ಇದುವರೆಗೆ ಕಲಿಸಿದ್ದೆಲ್ಲ ಮರೆತುಬಿಡು ಎಂದು ಹೇಳಬೇಕೆಂದು ಬೇವಿನ ಮರದ ಕೆಳಗಿನಿಂದ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡು ಬಂದಿದ್ದ. ಹೇಳಿದರೆ ಸೋಮವಾರ ಅವಳು ಆ ಜನರ ಮುಂದೆ ಏನನ್ನು ಹಾಕಿಕೊಂಡು ಕೂರುತ್ತಾಳೆ. ಅವಳು ಕಣ್ಣು ತೆರೆದು ಅವನ ಕಡೆ ತಿರುಗಿ ಕೂತಿದ್ದಳು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಪಾಠಕ್ಕೆ ಸಿದ್ಧವಾಗಿ. ಮುಖ ಎಷ್ಟು ದಣಿದಿತ್ತೆಂದರೆ ಅವನಿಗೆ ಆ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಮುಚ್ಚಿಬಿಡಬೇಕೆನಿಸಿತು. ಅವನು ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡ. ಆಮೇಲೆ ತಾನೂ ಅವಳ ಕಡೆ ತಿರುಗಿ ಕೂತ.

‘ಹಲ್ಲು ಕಾಣಬ್ಯಾಡ,’ ಎಂದ. ‘ಬರೀ ಕಣ್ಣು ಒಂಚೂರು ಸಣ್ಣ ಮಾಡು. ಹಾಂ, ಹಂಗೆ. ಚೊಲೋ ಆತು.’